ಮೈದಾನದಲ್ಲಿ ದೇವಯ್ಯನವರ ವಿಮಾನ

ಬೀದರ್ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿನ ವಾಯುನೆಲೆಯಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಇರುವುದೂ ಇಲ್ಲೇ. ಆದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಯಾರು ಅಂತ ಕೇಳಿದರೆ ನಮ್ಮ ಹೈಸ್ಕೂಲಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಕೊಡಗಿನವರು, ನಮ್ಮದೇ ರಾಜ್ಯದವರು. 1965ರ ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಜೀವ ಕೊಟ್ಟರು. ಆ ದಿನವನ್ನು ಶಾಲೆಯಲ್ಲಿ ನೆನೆಯಲೇಬೇಕು ಅನ್ನಿಸಿತು.

ಫೋಟೊಗೆ ಹಾರ, ಎರಡು ಭಾಷಣ, ಆಮೇಲೆ ಮಿಠಾಯಿ. ಅಷ್ಟಕ್ಕೇ ಮುಗಿಸಲು ಮನಸ್ಸು ಒಪ್ಪಲಿಲ್ಲ. ನಾನು ವಿಜ್ಞಾನದ ಮೇಷ್ಟ್ರು. ಪಿ.ಟಿ. ಮೇಷ್ಟ್ರ ಹತ್ತಿರ ಟ್ರ್ಯಾಕ್ ಹಾಕುವ ಸುಣ್ಣದ ಪುಡಿ ಇಸಿದುಕೊಂಡೆ. ಅಂದು ಎದುರಾದ ಎರಡು ವಿಮಾನಗಳನ್ನು ನಿಜವಾದ ಅಳತೆಯಲ್ಲೇ ಮೈದಾನದಲ್ಲಿ ಬರೆದೆವು.

ದೇವಯ್ಯನವರ ಮಿಸ್ಟೇರ್ ಯುದ್ಧವಿಮಾನ ಸುಮಾರು 13 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್. ಎದುರಾಳಿಯ ಸ್ಟಾರ್‌ಫೈಟರ್ ಹತ್ತಿರ ಹತ್ತಿರ 17 ಮೀಟರ್ ಉದ್ದ. ಅದರ ರೆಕ್ಕೆಗೆ ಟೇಪ್ ಹಿಡಿದ ಹುಡುಗಿ ತಲೆ ಎತ್ತಿ ಕೇಳಿದಳು: "ಇಷ್ಟೇ ಏನ್ರಿ ಸರ್?" 7 ಮೀಟರ್ ಕೂಡ ಇಲ್ಲ!

ಅಲ್ಲಿಂದ ಪಾಠ ತಾನಾಗಿಯೇ ನಡೆಯಿತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಆದರೆ ವಿಮಾನ ತಿರುಗಬೇಕಾದರೆ ಅದನ್ನು ಒಳಕ್ಕೆ ಎಳೆಯುವುದು ರೆಕ್ಕೆ. ಚಿಕ್ಕ ರೆಕ್ಕೆಗೆ ದೊಡ್ಡ ಸುತ್ತು ಬೇಕು. ಜೋರಾಗಿ ಓಡುವ ಹುಡುಗನಿಗೆ ದೊಡ್ಡ ಸುತ್ತು ಕೊಟ್ಟೆ, ಟೇಪ್ ಹಿಡಿದಿದ್ದ ಹುಡುಗಿಗೆ ಸಣ್ಣದು. ಅವನು ತಿರುಗಿ ಬರುವಷ್ಟರಲ್ಲಿ ಅವಳು ಅವನ ಬೆನ್ನ ಹಿಂದೆ ಇದ್ದಳು. ಎಲ್ಲರಿಗೂ ಅರ್ಥವಾಯಿತು. ಏಟು ತಿಂದ ಮಿಸ್ಟೇರ್‌ನಲ್ಲೇ ದೇವಯ್ಯ ಆ ಸ್ಟಾರ್‌ಫೈಟರ್ ಅನ್ನು ಹೊಡೆದು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ಇದನ್ನೂ ಹೇಳಿದೆ, ಮುಚ್ಚಿಡಬಾರದು ಅಲ್ವಾ?

ಆಮೇಲೆ ಭೂಪಟ. ಅವರು ಹೊರಟ ಪಂಜಾಬಿನ ಆದಂಪುರ ವಾಯುನೆಲೆಯಿಂದ ಸರ್ಗೋಧಾಕ್ಕೆ ನೇರ ಸುಮಾರು 300 ಕಿಲೋಮೀಟರ್, ಹೆಚ್ಚುಕಡಿಮೆ ಬೀದರ್‌ನಿಂದ ಬಳ್ಳಾರಿ ಇದ್ದಂತೆ. ಹೋಗಿ, ದಾಳಿ ಮಾಡಿ, ಅಷ್ಟೇ ದೂರ ವಾಪಸ್ ಬರಬೇಕು. ಇಂಧನ ಅಷ್ಟಕ್ಕಷ್ಟೇ. ಕಾದಾಟಕ್ಕೆ ನಿಂತರೆ ಮನೆ ಮುಟ್ಟುವುದು ಕಷ್ಟ. ಅದರಲ್ಲೂ ಅವರು ಸ್ಟ್ಯಾಂಡ್‌ಬೈ ಇದ್ದವರು. ಒಂದು ವಿಮಾನ ಹಿಂದೆ ಸರಿದಿದ್ದರಿಂದ ಆ ಜಾಗಕ್ಕೆ ಹೋದರು.

"ಮನ್ಯಾಗ ಯಾವಾಗ ಗೊತ್ತಾಯ್ತ್ರಿ ಸರ್?" ಅಂತ ಒಬ್ಬ ಕೇಳಿದ. ನನಗೆ ಹೇಳಲು ಕಷ್ಟವಾದದ್ದು ಇದೇ. ಅವರು ವಾಪಸ್ ಬರಲಿಲ್ಲ ಅನ್ನುವುದಷ್ಟೇ ಇಲ್ಲಿಯವರಿಗೆ ಗೊತ್ತಿದ್ದದ್ದು. ಕಾದಾಟದ ವಿಷಯ 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ಹೊರಗೆ ಬಂತು. ದಾಳಿಯ ಮುಂದಾಳಾಗಿದ್ದ ತನೇಜಾ ಅವರು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು, ಅವರ ಹೆಂಡತಿ ಸ್ವೀಕರಿಸಿದರು. 23 ವರ್ಷ ಅಂದರೆ ಈ ಮಕ್ಕಳ ವಯಸ್ಸಿಗಿಂತ ಜಾಸ್ತಿ.

ನೀವೂ ಮಾಡುವುದಾದರೆ ಒಬ್ಬರನ್ನೇ ಹಿಡಿಯಿರಿ. ಹತ್ತು ಹೆಸರು ಓದಿದರೆ ಒಂದೂ ಉಳಿಯುವುದಿಲ್ಲ. ವಿಮಾನದ ಅಳತೆ ಮೊದಲೇ ಬರೆದಿಟ್ಟುಕೊಳ್ಳಿ, ಟೇಪ್ ಮಾತ್ರ ಮಕ್ಕಳ ಕೈಗೇ ಕೊಡಿ. ಸೆಪ್ಟೆಂಬರ್‌ನಲ್ಲಿ ಮಳೆ ಇರುತ್ತದೆ, ಸುಣ್ಣ ಹಿಂದಿನ ದಿನ ಹಾಕಬೇಡಿ, ಬೆಳಿಗ್ಗೆಯೇ ಹಾಕಿ.