ಮಂಡೆಬಿಸಿಗೆ ಮಾರ್ಕು ಹಾಕಿದ ಕಥೆ

ಕೇರಳದ ಮಂಜೇಶ್ವರ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದವರ ಮುಖ ನೋಡಿದರೆ ಸಾಕು, ಟೆನ್ಷನ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಆದರೆ ಮುಖ ತೋರಿಸಿ ಇನ್ನೊಬ್ಬ ಸ್ಟಾಫ್ ಕೊಡಿ ಅನ್ನಲು ಆಗುವುದಿಲ್ಲ, ಅಲ್ವಾ? ಮೀಟಿಂಗಿನಲ್ಲಿ ಅಂಕಿ ಬೇಕು.

ನಾನು ಹಿಡಿದದ್ದು ಪಿ.ಎಸ್.ಎಸ್. (ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್) ಎಂಬ, ಟೆನ್ಷನ್ ಅಳೆಯುವ ಪ್ರಶ್ನೆಪಟ್ಟಿ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಮಾಡಿದ್ದು. ನಾನು ತೆಗೆದುಕೊಂಡದ್ದು ಅದರ ಆಮೇಲಿನ ಚಿಕ್ಕ ರೂಪ: ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಹೀಗನ್ನಿಸಿತು ಅಂತ 10 ಪ್ರಶ್ನೆ. ಒಂದೊಂದಕ್ಕೂ 0ಯಿಂದ 4, ಒಟ್ಟು 40. ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದನ್ನು (ಬರ್ನ್‌ಔಟ್) ಅಳೆಯುವ, ಮನಶ್ಶಾಸ್ತ್ರಜ್ಞೆ ಮಾಸ್ಲಾಕ್ ಅವರ 22 ಪ್ರಶ್ನೆಗಳ ಪಟ್ಟಿಯೂ ಇದೆ. ಅದಕ್ಕೆ ದುಡ್ಡು ಕೊಡಬೇಕು, ಬಿಟ್ಟೆ.

ಕನ್ನಡಕ್ಕೆ ನಾನೇ ಇಳಿಸಿದೆ, ಮಲಯಾಳಕ್ಕೆ ಗೆಳತಿ. 'ಒತ್ತಡ' ಅಂತ ಬರೆದದ್ದನ್ನು ಓದಿ ಅಟೆಂಡರ್ ಅಕ್ಕ ಕೇಳಿದರು, "ಬಿ.ಪಿ.ಯಾ ಸಿಸ್ಟರ್? ನನ್ನದು ನಾರ್ಮಲ್." ಆ ಪದವನ್ನು ಅಲ್ಲೇ ಹೊಡೆದು ಹಾಕಿ, ಟೆನ್ಷನ್‌ಗೆ ನಮ್ಮ ಕಡೆ ಹೇಳುವ 'ಮಂಡೆಬಿಸಿ' ಅಂತ ಮಾಡಿದೆ. ಆಮೇಲೆ ಮೂಲ ನೋಡದ ಇನ್ನೊಬ್ಬರಿಂದ ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿದೆವು.

ಮೊದಲ ಸಲ ಹಾಳೆಗಳನ್ನು ವಾರ್ಡ್ ಇನ್‌ಚಾರ್ಜ್ ಕೈಯಲ್ಲೇ ಹಂಚಿಸಿ, ಅವರ ಕೈಯಲ್ಲೇ ವಾಪಸ್ ತೆಗೆದುಕೊಂಡೆ. ದೊಡ್ಡ ತಪ್ಪು. ಸುಮಾರು ಜನ ಎಲ್ಲದಕ್ಕೂ ಸುಮ್ನೆ 2ಕ್ಕೆ ಸುತ್ತು ಹಾಕಿದ್ದರು. 20, 20, 20! ಎಷ್ಟು ಚಂದ ಹೊಂದುತ್ತದೆ ಅಂತ ನಾನು ಖುಷಿಪಟ್ಟದ್ದೂ ನಿಜ. ಸಾಲದ್ದಕ್ಕೆ 4, 5, 7, 8ನೇ ಪ್ರಶ್ನೆಗಳ ಅಂಕ ತಿರುವಿ ಹಾಕಲು ಮರೆತಿದ್ದೆ. ಆ ನಾಲ್ಕು 'ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನಿಸಿತಾ' ಎಂಬ ಥರದವು. ಅಲ್ಲಿ 0 ಅಂದವರಿಗೆ 4 ಕೊಡಬೇಕು. ತಿರುವಿದಾಗ ಒಬ್ಬರ 22 ಹೋಗಿ 34 ಆಯಿತು.

ಎರಡನೇ ಸಲ ಸಿರಿಂಜಿನ ಖಾಲಿ ರಟ್ಟಿನ ಡಬ್ಬಕ್ಕೆ ಸೀಳು ಕೊರೆದು ಇಟ್ಟೆ. ಹೆಸರಿಲ್ಲ, ವಯಸ್ಸಿಲ್ಲ. ಗಂಡೋ ಹೆಣ್ಣೋ ಅಂತಲೂ ಕೇಳಲಿಲ್ಲ. ಗಂಡಸು ನರ್ಸ್ ಒಬ್ಬರೇ ಇರುವಲ್ಲಿ ಅದು ಹೆಸರು ಕೇಳಿದ ಹಾಗೆಯೇ. ಈ ಸಲ 2ರ ಸಾಲು ಮಾಯ.

ಈ ಪಟ್ಟಿ ಒಟ್ಟು ಬದುಕಿನದ್ದನ್ನು ಕೇಳುತ್ತದೆ, ಕೆಲಸದ್ದನ್ನು ಮಾತ್ರ ಅಲ್ಲ. ಅದಕ್ಕೇ ಕೊನೆಗೆ ಒಂದು ಖಾಲಿ ಗೆರೆ ಬಿಟ್ಟಿದ್ದೆ: ಡ್ಯೂಟಿಯಲ್ಲಿ ಜಾಸ್ತಿ ಮಂಡೆಬಿಸಿ ಯಾವುದು? ನೈಟ್ ಅಂತ ಬರೆಯುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ಬರೆದದ್ದು, ರೋಗಿಯನ್ನು ಮಂಗಳೂರಿಗೆ ರೆಫರ್ ಮಾಡುವಾಗ ಅವರ ಮನೆಯವರಿಂದ ತಿನ್ನುವ ಬೈಗುಳ. ಅಕ್ಷರದ ಗುರುತು ಸಿಗಬಾರದೆಂದು ಎಲ್ಲವನ್ನೂ ನನ್ನ ಕೈಯಲ್ಲೇ ಬೇರೆ ಹಾಳೆಗೆ ಬರೆದು ಮೀಟಿಂಗಿಗೆ ಒಯ್ದೆ.

ಈಗ ರೆಫರ್ ಕೇಸಿನಲ್ಲಿ ಮನೆಯವರ ಹತ್ತಿರ ಡಾಕ್ಟರೇ ಬಂದು ಮಾತನಾಡುತ್ತಾರೆ. ಇನ್ನೊಬ್ಬ ಸ್ಟಾಫ್ ಮಾತ್ರ ಇನ್ನೂ ಬಂದಿಲ್ಲ.