ಕಾಂಕ್ರೀಟ್ ಸುರಿಯುವ ಮೊದಲು ಜಿಐ ಪೈಪಿಗೆ ಟೇಪ್ ಸುತ್ತುವುದು ಹೇಗೆ?

"ಸಿಮೆಂಟ್ ಹಾಕ್ತೀವಲ್ಲ, ಪೈಪಿಗೆ ಏನೂ ಆಗಲ್ಲ" ಎಂಬ ಮಾತನ್ನು ನಂಬಬೇಡಿ. ಹಸಿ ಸಿಮೆಂಟಿನ ಕ್ಷಾರ, ಗಟ್ಟಿಯಾಗುವವರೆಗೂ ಜಿಐ ಪೈಪಿನ (ಸತು ಲೇಪಿಸಿದ ಕಬ್ಬಿಣದ ಪೈಪು) ಸತುವನ್ನು ತಿನ್ನುತ್ತದೆ. ಆಮೇಲೆ ಕಾಂಕ್ರೀಟಿನೊಳಗಿನ ಉಕ್ಕಿಗೆ ಅದೇ ಕ್ಷಾರ ರಕ್ಷಣೆ ಕೊಡುತ್ತದೆ ನಿಜ, ಆದರೆ ಅದೇ ಪೈಪು ಹೊರಗಿನ ತೇವದ ಮಣ್ಣಿಗೆ ಇಳಿದಾಗ ಎರಡು ಭಾಗಗಳ ನಡುವೆ ಬ್ಯಾಟರಿಯಂತೆ ವಿದ್ಯುತ್ ಹರಿದು, ಮಣ್ಣಿನಲ್ಲಿರುವ ಭಾಗ ಬೇಗ ತೂತಾಗುತ್ತದೆ. ಪೈಪು ಪ್ಲಿಂತ್ ಬೀಮಿನ (ಅಡಿಪಾಯದ ಮೇಲಿನ ಕಾಂಕ್ರೀಟ್ ತೊಲೆ) ಕಬ್ಬಿಣದ ಸರಳಿಗೆ ತಾಗಿದ್ದರೆ ಇನ್ನೂ ಬೇಗ.

ನೀಲಿ ಪಟ್ಟಿಯ ಮೀಡಿಯಂ ಪೈಪನ್ನೇ ಕೊಳ್ಳಿ. ಜೋಡಿಸಿ, ಚದರ ಸೆಂ.ಮೀ.ಗೆ 6 ಕೆ.ಜಿ. ಒತ್ತಡದಲ್ಲಿ ಸೋರಿಕೆ ನೋಡಿ. ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜೋಡಣೆ) ಕಾಂಕ್ರೀಟಿನೊಳಗೆ ಬರಬಾರದು.

ಕೆಲಸ ಕೆಡುವುದು ಪೈಪಿಗೆಂದೇ ಬರುವ, ತುಕ್ಕು ತಡೆಯುವ ಟೇಪ್ ಸುತ್ತುವಾಗ. ಥ್ರೆಡ್ ಹಾಕಿದಲ್ಲಿ ಸತು ಹೋಗಿರುತ್ತದೆ; ವೈರ್ ಬ್ರಷ್‌ನಿಂದ ಉಜ್ಜಿ, ಎಣ್ಣೆ ಒರೆಸಿ, ಜಿಂಕ್ ಪೇಂಟ್ ಹಚ್ಚಿ. ಅದು ಒಣಗಿದ ಮೇಲೆ ಇಡೀ ಪೈಪಿಗೆ ಟೇಪಿನ ಕಂಪನಿಯದೇ ಪ್ರೈಮರ್ ಬಳಿದು, ಬೆರಳಿಗೆ ಅಂಟುವಷ್ಟು ಆರಲು ಬಿಡಿ. ಸಾಕೆಟ್, ಎಲ್ಬೋಗಳ ಅಂಚಿನ ಮೆಟ್ಟಿಲಿಗೆ ಮಾಸ್ಟಿಕ್ (ಅಂಟುವ ಮೆತ್ತನೆಯ ಮೇಣದಂಥ ವಸ್ತು) ತುಂಬಿ ಇಳಿಜಾರು ಮಾಡಿ. ಇಲ್ಲದಿದ್ದರೆ ಟೇಪಿನಡಿ ಪೊಳ್ಳು ಉಳಿದು ನೀರು ಅಲ್ಲೇ ನಿಲ್ಲುತ್ತದೆ. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ, ಎಳೆದು ಬಿಗಿಯಾಗಿ ಸುತ್ತಿ. ಕಾಂಕ್ರೀಟಿನ ಅಂಚಿನಿಂದ ಆಚೆಗೂ ಕನಿಷ್ಠ ಒಂದು ಮೀಟರ್ ಮುಂದುವರಿಸಿ. ಮಣ್ಣಿನಲ್ಲಿ ಪೂರ್ತಿ ಉದ್ದಕ್ಕೂ ಸುತ್ತಿದರೆ ಇನ್ನೂ ಒಳ್ಳೆಯದು. ಒಂದು ಕಡೆ ಹರಿದರೂ ಸವೆತವೆಲ್ಲ ಆ ಜಾಗಕ್ಕೇ ನುಗ್ಗುತ್ತದೆ, ಹಾಗಾಗಿ ಹರಿದದ್ದನ್ನು ಆಗಲೇ ತೇಪೆ ಹಾಕಿ.

ಕರೆಂಟ್ ಕೆಲಸದ ತೆಳು ಕಪ್ಪು ಟೇಪ್ ಇದಕ್ಕೆ ಆಗದು. ಗೋಣಿ ಸುತ್ತಿ ಸಿಮೆಂಟ್ ಹಾಲು ಬಳಿಯುವುದು ಅದಕ್ಕಿಂತ ಕೆಟ್ಟದ್ದು. ಗೋಣಿ ತೇವ ಹಿಡಿದಿಡುತ್ತದೆ.

ಪೈಪನ್ನು ಸಿಮೆಂಟ್ ಬಿಲ್ಲೆಗಳ ಮೇಲೆ ಕೂರಿಸಿ. ಬೈಂಡಿಂಗ್ ವೈರ್‌ನಿಂದ ಸರಳಿಗೆ ಕಟ್ಟಬೇಡಿ. ಪಂಪಿನ ಮೋಟಾರ್ ಜೋಡಿಸುವ ಮೊದಲೇ ಪೈಪಿಗೂ ಸರಳಿಗೂ ಮಲ್ಟಿಮೀಟರ್ ಇಟ್ಟು ನೋಡಿ, ಬೀಪ್ ಬಂದರೆ ತಾಗಿರುವ ಜಾಗ ಹುಡುಕಿ ಬಿಡಿಸಿ. ಗೋಡೆ ದಾಟುವಲ್ಲಿ ಪಿವಿಸಿ ಸ್ಲೀವ್ (ಹೊರಗವಚದಂಥ ದೊಡ್ಡ ಪೈಪು) ಹಾಕಿ, ಸಂದಿಗೆ ಮಾಸ್ಟಿಕ್ ತುಂಬಿ.

ತೆಳುವಾದ ಮಿಶ್ರಣ ಸುರಿಯುವುದಾದರೆ ಪೈಪಿಗೆ ನೀರು ತುಂಬಿ. ಖಾಲಿ ಪೈಪು ದೊಡ್ಡದಾಗಿದ್ದರೆ ತೇಲಬಹುದು. 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟನ್ನು ಪೈಪಿನ ಅಡಿಗೂ ಚುಚ್ಚಿ ಕೂರಿಸಿ, ಟೇಪಿಗೆ ಚುಚ್ಚುವ ಸರಳು ತಾಗದಂತೆ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಇರುವ ಪುಡಿ ಬೇಡವೇ ಬೇಡ, ಕರಾವಳಿಯಲ್ಲಿ ಉಪ್ಪಿನ ಮರಳೂ ಬೇಡ. ಕ್ಲೋರೈಡ್ ಉಕ್ಕಿನ ರಕ್ಷಣಾ ಪದರವನ್ನೇ ಒಡೆಯುತ್ತದೆ. ಕಲ್ಲಿದ್ದಲ ಬೂದಿ, ಕಿಟ್ಟವನ್ನೂ ತುಂಬಬೇಡಿ. ಅಂಚಿನಾಚೆ ಪೈಪಿನ ಸುತ್ತ ನಾಲ್ಕು ಇಂಚು ಶುದ್ಧ ಮರಳು ಹಾಕಿ, ಅದರ ಮೇಲೆ ಕಲ್ಲು ಆರಿಸಿ ತೆಗೆದ ಮಣ್ಣು ಮುಚ್ಚಿ.