ಬೇಸಿಗೆ ಜೋರಾದಾಗ ಹೊಂಡದ ಮೀನು ಉಳಿಸಿಕೊಳ್ಳುವುದು ಹೇಗೆ?

ಈಗ ಬಿಸಿಲು ಬೇಗ ಏರುತ್ತದೆ, ಮಳೆ ಹೇಳದೆ ಕೇಳದೆ ಸುರಿಯುತ್ತದೆ. ಮೀನು ಸಾಕುವ ನಮ್ಮಂಥವರಿಗೆ ಇದರ ಪೆಟ್ಟು ಮೊದಲು ತಿಳಿಯುವುದು ನೀರಿನ ಆಮ್ಲಜನಕದಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ನೀರಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಜಾಸ್ತಿ.

ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು, ಸೂರ್ಯ ಹುಟ್ಟುವ ಮುಂಚೆ ಹೊಂಡ ನೋಡಿ. ನೀರಿನ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಬೆಳಗಿನ ಜಾವಕ್ಕೆ ನೀರಲ್ಲಿ ಉಳಿಯುವುದು ಸ್ವಲ್ಪವೇ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿವೆಯಾ? ನೀವು ಏರಿ ಮೇಲೆ ನಡೆದರೂ ಕೆಳಗೆ ಓಡುತ್ತಿಲ್ಲವಾ? ಹಾಗಿದ್ದರೆ ಕಾಯಬೇಡಿ, ನೀರಿಗೆ ಗಾಳಿ ಬೆರೆಸುವ ಯಂತ್ರ, ಅಂದರೆ ಏರೇಟರ್ ಹಾಕಿ. ಅದಿಲ್ಲದವರು ಪಂಪಿನಿಂದ ಹೊಂಡದ ಮೇಲ್ಪದರದ ನೀರನ್ನೇ ಎತ್ತಿ, ಎತ್ತರದಿಂದ ಚದುರಿ ಬೀಳುವಂತೆ ಬಿಡಿ. ಪಂಪಿನ ಬಾಯಿ ತಳದ ಕೆಸರಿಗೆ ತಾಗಬಾರದು. ಕೆಸರು ಕದಡಿದರೆ ಇರುವ ಆಮ್ಲಜನಕವೂ ಹೋಗುತ್ತದೆ. ಆ ದಿನ ಮೇವು ಬೇಡವೇ ಬೇಡ.

ಪಾಚಿ ಎಷ್ಟಿದೆ ಅಂತ ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಒಂದು ದುಂಡು ತಟ್ಟೆಗೆ ಕಪ್ಪು ಬಿಳಿ ಬಣ್ಣ ಬಳಿದು, ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಸೆಕ್ಕಿ ಡಿಸ್ಕ್ ಅನ್ನುವುದು ಇದನ್ನೇ. 30ರಿಂದ 40 ಸೆಂಟಿಮೀಟರ್ ಆಳದಲ್ಲಿ ತಟ್ಟೆ ಮರೆಯಾದರೆ ಸರಿ. 20ಕ್ಕಿಂತ ಮೊದಲೇ ಮರೆಯಾದರೆ ನೀರು ಅತಿಯಾಗಿ ಹಸಿರಾಗಿದೆ. ಗೊಬ್ಬರ ನಿಲ್ಲಿಸಿ, ಮೇವು ಕಡಿಮೆ ಮಾಡಿ, ಸಾಧ್ಯವಿದ್ದರೆ ಸ್ವಲ್ಪ ನೀರು ಬದಲಿಸಿ.

ನನಗೆ ಉರಿ ಬಿಸಿಲಿಗಿಂತ ಹೆಚ್ಚು ಭಯ, ಬಿಸಿಲಿನ ಬೆನ್ನಿಗೇ ಬರುವ ದೊಡ್ಡ ಮಳೆಯದು. ಮೋಡ ಕವಿದರೆ ಪಾಚಿ ಆಮ್ಲಜನಕ ಮಾಡುವುದು ಕಡಿಮೆಯಾಗುತ್ತದೆ. ತಣ್ಣನೆ ಮಳೆನೀರು ಕೆಳಗಿಳಿದು, ತಳದ ಕೆಟ್ಟ ನೀರನ್ನು ಮೇಲಕ್ಕೆ ಎಬ್ಬಿಸುತ್ತದೆ. ನಿನ್ನೆ ಚೆನ್ನಾಗಿದ್ದ ಮೀನು ಬೆಳಗಾಗುವಷ್ಟರಲ್ಲಿ ತೇಲುವುದು ಹೀಗೆ. ಮೋಡ ಕಂಡ ಸಂಜೆಯೇ ಮೇವು ನಿಲ್ಲಿಸಿ, ರಾತ್ರಿಯಿಡೀ ಏರೇಟರ್ ಓಡಿಸಿ. ಮಳೆ ನಿಂತ ಮೇಲೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ ನೋಡಿ. ಇಳಿದಿದ್ದರೆ ಕೃಷಿ ಸುಣ್ಣ (ಸುಡದ ಸುಣ್ಣಕಲ್ಲಿನ ಪುಡಿ) ಹಾಕಿ, ಸುಟ್ಟ ಸುಣ್ಣ ಬೇಡ. ಮೀನಿರುವ ನೀರಿಗೆ ಅದು ತೀರಾ ಖಾರ.

ಹೊಸದಾಗಿ ಹೊಂಡ ತೋಡುವವರು ಒಂದು ಮೂಲೆಯನ್ನಾದರೂ ಎರಡು ಮೀಟರಿಗಿಂತ ಆಳ ಮಾಡಿ. ನೀರು ಇಳಿದಾಗ ಮೀನು ಅಲ್ಲಿ ಸೇರಿಕೊಳ್ಳುತ್ತದೆ. ಏರಿ ತುಂಬಿದ ನೀರಿಗಿಂತ ಅರ್ಧ ಮೀಟರ್ ಎತ್ತರವಿರಲಿ, ತೂಬಿಗೆ ಜಾಲರಿ ಇರಲಿ.

ಇನ್ನು ಬಿತ್ತನೆ. ನೀರು ಕೆಲವೇ ತಿಂಗಳು ನಿಲ್ಲುವುದಾದರೆ ಸಣ್ಣ ಮರಿ ಬಿಟ್ಟು ಕಾಯುವುದು ಸುಮ್ನೆ. ಬೆರಳುದ್ದ ಮೀರಿ ಬೆಳೆದ ಮರಿಗಳನ್ನು ಬಿಡಿ, ಸಂಖ್ಯೆಯೂ ಕಡಿಮೆ ಇರಲಿ. ಬೇಸಿಗೆ ಬಿಗಿಯಾಗುವ ಮುಂಚೆಯೇ ಮಾರುವ ಗಾತ್ರದ ಮೀನು ಹಿಡಿದುಬಿಡಿ. ಬಲೆ ಹಾಕುವುದು ಬೆಳಗಿನ ತಂಪಿನಲ್ಲೇ ಆಗಲಿ. ಆದರೆ ಮೀನು ಗಾಳಿ ಗುಟುಕರಿಸುತ್ತಿರುವ ದಿನ ಮಾತ್ರ ಬಲೆ ಇಳಿಸಬೇಡಿ.